ಎದುರು ಗೋಡೆಯ ದೋಣಿ

ಬನ್ನಿ, ಹತ್ತಿರ ಕೂತುಕೊಳ್ಳಿ. ಕಾಲು ಮಡಚಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಕೇಳಿ.

ಹೊಳೆ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಮರುಳಯ್ಯ ಅಂತ ಒಬ್ಬ ಮುದುಕ ಗುರು ಚಿತ್ರ ಬರೆಯುವುದನ್ನು ಕಲಿಸುತ್ತಿದ್ದ. ಶಿಷ್ಯರು ತಮ್ಮ ಮೊದಲ ಚಿತ್ರವನ್ನು ಅವನ ಮಂಚದ ಎದುರು ಗೋಡೆಗೆ ಹೊಸದಾಗಿ ಸುಣ್ಣ ಬಳಿದು ಅದರ ಮೇಲೇ ಬರೆಯಬೇಕು. ಬೆಳಿಗ್ಗೆ ಕಣ್ಣು ಬಿಟ್ಟರೆ ಅವನಿಗೆ ಮೊದಲು ಕಾಣುವುದು ಅದೇ.

ಹೊಸ ಶಿಷ್ಯೆ ಹಂಪವ್ವನ ಸರದಿ ಬಂತು. "ಹೊಳೆ ಬರಿ" ಅಂದ ಗುರು.

ಉಳಿದವರೆಲ್ಲ ಮೀನು, ತಾವರೆ, ಬಿಂದಿಗೆ ಹೊತ್ತ ಹೆಂಗಸರನ್ನು ಬರೆದು ಶಭಾಷ್ ಅನ್ನಿಸಿಕೊಂಡಿದ್ದರು. ಇವಳು ದೀಪದ ಮಸಿ ಕಲಸಿ ಗೋಡೆ ತುಂಬ ಕಪ್ಪು ನೀರು ಬರೆದಳು. ನಡುವೆ ಒಂದು ದೋಣಿ. ದೋಣಿಯಲ್ಲಿ ಯಾರೂ ಇಲ್ಲ. ಯಾಕೆ ಅಂತ ಅವಳಿಗೂ ಗೊತ್ತಿಲ್ಲ.

ಗುರು ಬಹಳ ಹೊತ್ತು ನೋಡಿದ.

ಆ ವಾರವೇ ಅವನಿಗೆ ಜ್ವರ ಹತ್ತಿತು. ಇಳಿಯಲೇ ಇಲ್ಲ.

ಹಿರಿಯ ಶಿಷ್ಯ ಕೊಟ್ರಯ್ಯನ ನಾಲಿಗೆ ಸುಮ್ಮನಿರಬೇಕಲ್ಲ. "ಮಂಚದ ಎದುರಿಗೇ ದೋಣಿ ತಂದು ಕಟ್ಟಿದ್ದೀಯಲ್ಲ ತಂಗಿ, ಹತ್ತುವವರು ಯಾರು?" ಅಂದ.

ಅಂದಿನಿಂದ ಹಂಪವ್ವನಿಗೆ ಅನ್ನ ಸೇರಲಿಲ್ಲ. ಗುರುವಿಗೆ ಗಂಜಿ ಕುಡಿಸುವಾಗ ಬೆನ್ನ ಹಿಂದೆ ನೀರು ಏರಿ ಬಂದ ಹಾಗೆ. ತಿರುಗಿ ನೋಡಿದರೆ ದೋಣಿ ನಿನ್ನೆಗಿಂತ ಹತ್ತಿರ ಬಂದ ಹಾಗೆ.

ಒಂದು ಮಧ್ಯಾಹ್ನ ಗುರು ಮಲಗಿದ್ದಾಗ ಕುಂಚ ಹಿಡಿದಳು. ದೋಣಿಯಲ್ಲಿ ಕೆಂಪು ರುಮಾಲಿನ ಅಂಬಿಗನೊಬ್ಬನನ್ನು ಕೂರಿಸಿದಳು. ಮೀಸೆ ಇಟ್ಟಳು, ಮುಖಕ್ಕೆ ನಗೆ ಇಟ್ಟಳು.

ಗುರು ಕಣ್ಣು ಬಿಟ್ಟ. "ಇವನ್ಯಾರು?"

"ಅಂಬಿಗ, ಅಜ್ಜಾ. ದೋಣಿ ಖಾಲಿ ಇದ್ದರೆ ನನಗೆ ಭಯ."

"ಏನಂತ?"

"ನೀವು ಹತ್ತಿಬಿಡ್ತೀರಿ ಅಂತ."

ಗುರು ನಕ್ಕ, ಕೆಮ್ಮಿದ. "ಬಣ್ಣ ಹಸಿ ಇರುವಾಗಲೇ ಒರೆಸು ಮಗಳೇ. ನನ್ನ ಜಾಗದಲ್ಲಿ ಕೂತಿದ್ದಾನೆ."

ಒದ್ದೆ ಬಟ್ಟೆ ತಂದು ಒರೆಸಿದಳು.

ಜೋಳ ತೆನೆಗಟ್ಟುವ ಹೊತ್ತಿಗೆ ಗುರು ಹೋದ. ಕೊಟ್ರಯ್ಯ ಊರೂರು ತಿರುಗಿ ತಾವರೆ ಬರೆದು ಹೆಸರು ಮಾಡಿದ. ಹೊಳೆ ದಾಟಬೇಕಾದರೆ ಮಾತ್ರ ದೋಣಿ ಹತ್ತದೆ ಅರ್ಧ ದಿನ ಸುತ್ತು ಹಾಕಿ ಸೇತುವೆಗೆ ಹೋಗುತ್ತಿದ್ದ. ಹಂಪವ್ವ ಅದೇ ಆಶ್ರಮದಲ್ಲಿ ಉಳಿದು ಕಲಿಸಿದಳು. ವರ್ಷ ಕಳೆದ ಹಾಗೆ ಅವಳ ಗೋಡೆಗಳಲ್ಲಿ ದೋಣಿ ಆಚೆ ದಡದ ಕಡೆ ಸರಿದು ಸಣ್ಣದಾಗುತ್ತಾ ಬಂತು. ತಲೆ ಹಣ್ಣಾದ ಮೇಲೆ ಬರೆದದ್ದರಲ್ಲಿ ಬರೀ ಕಪ್ಪು ನೀರು.

ಶಿಷ್ಯೆಯೊಬ್ಬಳು ಹೆದರಿಕೊಂಡೇ ಕೇಳಿದಳು, "ಅಜ್ಜೀ, ದೋಣಿ ಎಲ್ಲಿ?"

ಹಂಪವ್ವ ಕುಂಚ ತೊಳೆಯುತ್ತಾ ಅಂದಳು, "ಬರ್ತಾ ಇದೆ."