ಹತ್ತನೇ ಕೋಣೆಯ ಕೊನೆಯ ಬೆಂಚು

ಒಂದು ಡಿಗ್ರಿ ಕಾಲೇಜಿನ ಮೇಷ್ಟ್ರುಗಳಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬರು ಪಾಠ ಮಾಡುವ ಕೋಣೆಗೆ ಇನ್ನೊಬ್ಬರು ಕಾಲಿಡಬಾರದು. ಡಸ್ಟರ್ ಬೇಕಾದರೂ ಹೊಸ್ತಿಲ ಹೊರಗೆ ನಿಂತೇ ಕೇಳಬೇಕು. ಇದಕ್ಕೆ ಅವರು ಮರ್ಯಾದೆ ಎನ್ನುತ್ತಿದ್ದರು. ಹೆಸರಿಗೇನು, ಏನು ಬೇಕಾದರೂ ಇಡಬಹುದು!

ಅಲ್ಲಿಗೆ ಶಬಾನಾ ನದಾಫ್ ಎಂಬ ತರುಣಿ ಸಂಖ್ಯಾಶಾಸ್ತ್ರ ಕಲಿಸಲು ಬಂದಳು. ವಿಷಯ ಚೆನ್ನಾಗಿ ಗೊತ್ತಿತ್ತು, ಹುಡುಗರ ಮುಖ ನೋಡಲು ಮಾತ್ರ ಅಂಜಿಕೆ. ಹಾಜರಿ ಕೂಗಿ ಬೋರ್ಡಿನ ಕಡೆ ತಿರುಗಿದಳೆಂದರೆ ಗಂಟೆ ಹೊಡೆಯುವವರೆಗೂ ಬೋರ್ಡಿನ ಜೊತೆಗೇ ಮಾತು. ಬೆನ್ನ ಹಿಂದೆ ಹುಡುಗರು ಹಿಂಬಾಗಿಲಿನಿಂದ ಒಬ್ಬೊಬ್ಬರಾಗಿ ಜಾರುತ್ತಿದ್ದರು.

ಆಕೆಯದು ಹತ್ತನೇ ಕೋಣೆ. ಪಕ್ಕದ ಒಂಬತ್ತರಲ್ಲಿ ಗುರುಪಾದ ಹೂಗಾರ ಸರ್. ಮೂವತ್ತು ವರ್ಷದ ಅನುಭವ. ಅವರ ಪಾಠವೆಂದರೆ ಹುಡುಗರು ಕಿಟಕಿಯಲ್ಲೂ ನಿಂತು ಕೇಳುತ್ತಿದ್ದರು. ಗೋಡೆಯಾಚೆ ಎಲ್ಲಿ ತಪ್ಪುತ್ತಿದೆ ಎಂದು ಅವರಿಗೆ ಮೊದಲ ದಿನವೇ ತಿಳಿದಿತ್ತು. ಒಮ್ಮೆ ಸ್ಟಾಫ್ ರೂಮಿನಲ್ಲಿ ಶಬಾನಾ ಹತ್ತಿರ ಬಂದು, "ಸರ, ಪಾಠದ ಬಗ್ಗೆ ಒಂದು ಮಾತು ಕೇಳಬೇಕಿತ್ತು ರೀ," ಎಂದಳು.

"ನಮಗ ಯಾರು ಹೇಳಿಕೊಟ್ಟಿದ್ರವಾ? ನೀರಿಗೆ ಬಿದ್ದ ಮ್ಯಾಲ ಈಜು ತಾನ ಬರತೈತಿ," ಎಂದು ಅವರು ಪೇಪರಿನ ಪುಟ ತಿರುವಿದರು.

ಆ ದಿನವೇ ಆಕೆ ರಾಜೀನಾಮೆ ಬರೆದು ಹಾಜರಿ ಪುಸ್ತಕದಲ್ಲಿ ಇಟ್ಟುಕೊಂಡಳು. ಶನಿವಾರದ ಪಾಠ ಮುಗಿಸಿ ಕೊಡುವುದೆಂದು ನಿಶ್ಚಯಿಸಿದಳು.

ಶನಿವಾರ ಮೂರನೇ ಪೀರಿಯಡ್. ಹೂಗಾರ ಸರ್ ಬಿಡುವಾಗಿ ತಮ್ಮ ಕೋಣೆಯಲ್ಲಿ ಕೂತಿದ್ದರು. ಗೋಡೆಯಾಚೆ ಶಬಾನಾಳ ದನಿ. ಅದರ ನಡುವೆ ಇನ್ನೊಂದು ದನಿ ಸೇರಿತು. ಗಂಡುದನಿ, ಎಳೆಯದು, ನಡುಗುತ್ತಿತ್ತು. "ಅರ್ಥ ಆತಲ್ಲ? ಅರ್ಥ ಆತಲ್ಲ?" ಎಂದು ಕೇಳುತ್ತಲೇ ಇತ್ತು. ಯಾರೂ ಉತ್ತರ ಕೊಡುತ್ತಿರಲಿಲ್ಲ.

ಹೂಗಾರ ಸರ್ ಗೋಡೆಗೆ ಕಿವಿಯಿಟ್ಟರು. ಆ ದನಿ ಅವರದೇ. ಮೂವತ್ತು ವರ್ಷದ ಹಿಂದೆ, ಇದೇ ಹತ್ತನೇ ಕೋಣೆಯಲ್ಲಿ, ಖಾಲಿ ಬೆಂಚುಗಳ ಮುಂದೆ ಅವರು ಹಾಗೇ ಕೇಳಿದ್ದರು. ಆ ಸಂಗತಿಯನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಎದ್ದು ಹೋಗಿ ಹೊಸ್ತಿಲ ಹೊರಗೆ ನಿಂತರು. ಒಳಗೆ ಒಬ್ಬ ವಿದ್ಯಾರ್ಥಿಯೂ ಇಲ್ಲ. ಶಬಾನಾ ಬೋರ್ಡಿನ ಮೇಲೆ ಬರೆಯುತ್ತಲೇ ಇದ್ದಾಳೆ. ಹೊಸ್ತಿಲು ದಾಟಲು ಕಾಲೇ ಬರಲಿಲ್ಲ. ಕಡೆಗೆ ಕಣ್ಣು ಮುಚ್ಚಿ ದಾಟಿದರು, ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಹಲಗೆ ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದು ಹೋದ ಹಾಗೆ.

ಸದ್ದಿಗೆ ಶಬಾನಾ ತಿರುಗಿದಳು. "ಸರ, ನೀವಾ? ಅವರೆಲ್ಲಿ ಹೋದ್ರು?"

"ಯಾರವಾ?"

"ಗಂಟೆ ಹೊಡದ ಮ್ಯಾಲ ತಿರುಗಿ ನೋಡಿದ್ರ ದಿನಾ ಅಲ್ಲೇ ಒಬ್ಬರು ಕೂತಿರ್ತಿದ್ರು ರೀ. ಹುಡುಗರೆಲ್ಲಾ ಹೋದ್ರೂ ಅವರು ಹೋಗ್ತಿರಲಿಲ್ಲ. ಥೇಟ್ ನಿಮ್ಮ ಮುಖಾನ, ವಯಸ್ಸು ಸಣ್ಣದು. ಅಂಗಿ ತೋಳಿಗೆಲ್ಲಾ ಚಾಕ್ ಪುಡಿ. ಯಾರರ ಬರ್ತಾರೇನೋ ಅಂತ ಬಾಗಲ ಕಡೇನ ನೋಡ್ತಿದ್ರು."

ಹೂಗಾರ ಸರ್ ಅವರ ಕಣ್ಣು ತುಂಬಿ ಬಂತು. ನಾಚಿಕೆಯೂ ಆಯಿತು. "ಅವ ಇನ್ನ ಬರಂಗಿಲ್ಲವಾ," ಎಂದರು. "ಈಗ ಈ ಕಡೆ ತಿರುಗಿ, ಮೊದಲಿಂದ ಪಾಠ ಹೇಳು."

"ಕೈಕಾಲು ನಡುಗಾಕತ್ತಾವ್ರಿ ಸರ."

"ನನಗೂ ಹಂಗ ನಡುಗತಿದ್ವು. ನಡುಗಲಿ, ನಾ ಇಲ್ಲೇ ಕುಂತಿರತೀನಿ."

ರಾಜೀನಾಮೆ ಪತ್ರ ಅಂದು ಹಾಜರಿ ಪುಸ್ತಕದಿಂದ ಹೊರಗೆ ಬರಲಿಲ್ಲ. ಆಕೆ ಮುಖ ನೋಡಿ ಪಾಠ ಹೇಳುವುದನ್ನು ಕಲಿತಂತೆ ತಿಂಗಳೊಳಗೆ ಹುಡುಗರು ಮರಳಿದರು. ಆಮೇಲೆ ಶಬಾನಾಳೂ ಒಂಬತ್ತನೇ ಕೋಣೆಯಲ್ಲಿ ಕೂತು ಅವರ ಪಾಠ ಕೇಳಿದಳು. "ಸರ, ಹುಡುಗಿಯರ ಸಾಲಿನ ಕಡೆ ನೀವು ನೋಡೋದ ಇಲ್ಲಲ್ರಿ," ಎಂದಳು. ಮೂವತ್ತು ವರ್ಷದಲ್ಲಿ ಈ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಹತ್ತನೇ ಕೋಣೆಯಲ್ಲಿ ಆ ದನಿ ಮತ್ತೆ ಕೇಳಲಿಲ್ಲ. ಆ ಕಾಲೇಜಿನಲ್ಲಿ ಇನ್ನೂ ಇಪ್ಪತ್ತು ಕೋಣೆಗಳಿವೆ. ಅವುಗಳ ಕೊನೆಯ ಬೆಂಚು ಬೆಚ್ಚಗಿದೆಯೇ ಎಂದು ಈವರೆಗೆ ಯಾರೂ ಮುಟ್ಟಿ ನೋಡಿಲ್ಲ.

ನೀತಿ: ನಮ್ಮ ಕೈ ಯಾರೂ ಹಿಡಿಯಲಿಲ್ಲ ಎಂಬುದು ಇನ್ನೊಬ್ಬರ ಕೈ ಬಿಡಲು ಕಾರಣವಾಗಬಾರದು. ಕಲಿಸುವವರಿಗೂ ಜೊತೆಗೆ ಕೂರುವವರು ಬೇಕು.