ಅಂಗಡಿ ಮುಚ್ಚಿದ ಮೇಲೂ ಏರಿದ ಅಮಲು

“ಮೇಡಂ, ಮುಟ್ಟು ನಿಂತು ಎಷ್ಟೋ ವರ್ಷವಾದ ಹೆಂಗಸಿನ ಮೈಯಲ್ಲಿ ಸ್ತನದ ಗಡ್ಡೆಗೆ ಅದನ್ನು ಬೆಳೆಸುವ ಈಸ್ಟ್ರೋಜನ್ ಹಾರ್ಮೋನ್ ಎಲ್ಲಿಂದ ಸಿಗುತ್ತದೆ?”

ಕೇಳಿದವನು ರೇವಣಸಿದ್ಧ, ಕ್ಯಾನ್ಸರ್ ಆಸ್ಪತ್ರೆಯ ಕಿರಿಯ ವೈದ್ಯ. ಕೇಳಿಸಿಕೊಂಡವರು ಅವನ ಗುರು ಡಾಕ್ಟರ್ ಗಂಗಾಂಬಿಕೆ. ಪಾಠದಲ್ಲಿ ಇದನ್ನು ಓದಿ ಪಾಸಾಗಿದ್ದವನೇ. ಆದರೆ ಪಾಸಾಗುವುದು ಬೇರೆ, ಮನೆಗೆ ಬಂದಾಗ ನಂಬುವುದು ಬೇರೆ. ಅವನನ್ನು ಸಾಕಿದ ಸೋದರತ್ತೆ ನೀಲಮ್ಮನ ಗಡ್ಡೆಯನ್ನು ತೆಗೆದಾಗಿತ್ತು. ಅಳಿದುಳಿದ ಕಣ ಮತ್ತೆ ಬೆಳೆಯದಿರಲೆಂದು ದಿನಕ್ಕೊಂದು ಮಾತ್ರೆ ಇತ್ತು. ಮಾತ್ರೆಯಿಂದ ಬೆರಳ ಗಂಟುಗಳು ನೋಯುತ್ತಿದ್ದವು. ಆ ಬೆಳಿಗ್ಗೆ ಆಕೆ ಮಾತ್ರೆಯನ್ನು ಅವನ ಕೈಗೇ ಹಾಕಿ, “ಮುದುಕಿ ಮೈಯಾಗ ಆ ಹಾರ್ಮೋನ್ ಎಲ್ಲಿಂದ ಬರ್ತೈತೋ ತಮ್ಮಾ? ಸಾಕಿದು. ನೀನೇ ಡಾಕ್ಟರ್ ಅದೀ, ಹೂಂ ಅನ್ನು” ಎಂದಿದ್ದಳು. ಹೂಂ ಎಂಬ ಮಾತು ಅವನ ನಾಲಿಗೆ ತುದಿಯವರೆಗೂ ಬಂದಿತ್ತು. ಗುರುಗಳೂ ಹೂಂ ಅಂದುಬಿಟ್ಟರೆ ನೆಮ್ಮದಿ ಎಂದು ಎಲ್ಲವನ್ನೂ ಅವರೆದುರು ಹೇಳಿಕೊಂಡ.

ಗಂಗಾಂಬಿಕೆ ಕನ್ನಡಕ ತೆಗೆದಿಟ್ಟರು. ಅವರು ಕನ್ನಡಕ ತೆಗೆದರೆ ಕತೆ ಶುರುವಾಯಿತೆಂದೇ ಲೆಕ್ಕ.

“ಒಂದೂರಿನಲ್ಲಿ ಒಬ್ಬ ಬಡಗಿ. ಕೆಲಸದಲ್ಲಿ ಗಟ್ಟಿಗ, ಕುಡಿತದಲ್ಲಿ ಅದಕ್ಕಿಂತ ಗಟ್ಟಿಗ. ಅವನ ಹೆಂಡತಿ ಹಿರಿಯರ ಕಾಲಿಗೆ ಬಿದ್ದು ಊರಿನ ಹೆಂಡದಂಗಡಿ ಮುಚ್ಚಿಸಿದಳು. ಇನ್ನು ಮನೆ ಉಳಿಯಿತು ಎಂದುಕೊಂಡಳು. ವಾರ ಕಳೆಯುವುದರೊಳಗೆ ಬಡಗಿ ಮತ್ತೆ ತೂರಾಡಿದ. ಅವಳು ಹೊಸ್ತಿಲ ಮೇಲೆ ಕಾವಲು ಕೂತಳು. ಹೊರಗಿನಿಂದ ಒಂದು ತೊಟ್ಟೂ ಒಳಗೆ ಹೋಗಲಿಲ್ಲ. ಸಂಜೆಗೆ ಅವನಿಗೆ ಅಮಲು ಏರಿಯೇ ಇತ್ತು.

‘ಯಾರು ತಂದುಕೊಟ್ಟರು?’ ಎಂದು ಹೆಂಡತಿ ಕೇಳಿದಳು.

‘ನೀನೇ ಕಣೇ’ ಎಂದು ಬಡಗಿ ನಕ್ಕ.

ಬಿಸಿಲಲ್ಲಿ ದುಡಿಯುವವನೆಂದು ಅವಳು ದಿನವೂ ಚೊಂಬು ತುಂಬ ಬೆಲ್ಲದ ಪಾನಕ ಕೊಡುತ್ತಿದ್ದಳು. ಅದೇ ಪಾನಕವನ್ನು ಮಕ್ಕಳು ಕುಡಿದರು, ಅತ್ತೆ ಕುಡಿದಳು, ಯಾರಿಗೂ ಏನೂ ಆಗಲಿಲ್ಲ. ಬಡಗಿ ಮಾತ್ರ ಅದನ್ನು ಹಲಗೆಗಳ ಹಿಂದಿನ ಗಡಿಗೆಗೆ ಸುರಿಯುತ್ತಿದ್ದ. ಅಂಗಡಿ ಮುಚ್ಚಿದ ದಿನ ಅಲ್ಲಿಂದಲೇ ಹೊತ್ತು ತಂದ ಗಡಿಗೆ ಅದು. ಹೆಂಡ ಮಾಡುವವರು ಗಡಿಗೆಯ ತಳ ತೊಳೆಯುವುದಿಲ್ಲ. ತಳದ ಹಳೆಯ ಹುಳಿಯೇ ಹೊಸ ಬೆಲ್ಲಕ್ಕೆ ಅಮಲು ಬರಿಸುತ್ತದೆ.

ಅವಳು ಮೊದಲು ಪಾನಕ ನಿಲ್ಲಿಸಿ ನೋಡಿದಳು. ಮನೆಮಂದಿಯೆಲ್ಲ ಸೊರಗಿದರು. ಆಮೇಲೆ ಬುದ್ಧಿ ಬಂತು. ಗಡಿಗೆಯನ್ನೇ ಎತ್ತಿ ಕಲ್ಲಿಗೆ ಅಪ್ಪಳಿಸಿದಳು. ಚೂರು ಚುಚ್ಚಿ ಕೈ ತುಂಬ ಗಾಯವಾಯಿತು. ಬಡಗಿ ಕೂಗಾಡಿದ, ಆದರೆ ಕುಡಿಯಲು ಏನೂ ಉಳಿದಿರಲಿಲ್ಲ.”

ರೇವಣಸಿದ್ಧನಿಗೆ ಓದಿದ್ದು ಈಗ ಕಣ್ಣಿಗೆ ಕಟ್ಟಿತು. ಅಂಡಾಶಯದ ಅಂಗಡಿ ಮುಚ್ಚಿದರೂ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಬೇರೆ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅವು ಈಸ್ಟ್ರೋಜನ್ ಅಲ್ಲ. ಸ್ತನದ ಕೊಬ್ಬಿನಲ್ಲೂ ಗಡ್ಡೆಯಲ್ಲೂ ಅರೋಮಟೇಸ್ ಎಂಬ ಕಿಣ್ವ ಇರುತ್ತದೆ. ಅದು ಆ ಹಾರ್ಮೋನುಗಳನ್ನು ಅಲ್ಲೇ ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಅತ್ತೆಯ ಮಾತ್ರೆ ಆ ಕಿಣ್ವವನ್ನು ತಡೆಯುವಂಥದು. ಆದರೂ ಅವನ ಕುತೂಹಲ ತಣಿಯಲಿಲ್ಲ.

“ಮಾತ್ರೆ ಶುರುವಾಗುವ ಮೊದಲೇ ಅತ್ತೆಯ ರಕ್ತ ಪರೀಕ್ಷೆಯಲ್ಲಿ ಈಸ್ಟ್ರೋಜನ್ ಇಲ್ಲವೆನ್ನುವಷ್ಟು ಕಡಿಮೆ ಇತ್ತಲ್ಲ, ಮೇಡಂ?”

“ಬೀದಿಯಲ್ಲಿ ವಾಸನೆ ಬರಲಿಲ್ಲ ಅಂದರೆ ಹಲಗೆಯ ಹಿಂದೆ ಹೆಂಡವಿಲ್ಲ ಅಂತಲೇನೋ? ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಗಡ್ಡೆಯೊಳಗೆ ಇರಬಹುದು.”

ಅವನು ತಲೆಯಾಡಿಸಿದ. ಆದರೂ ಅತ್ತೆ ಬೆರಳು ಮಡಚಲಾಗದೆ ಒದ್ದಾಡುವುದು ನೆನಪಾಯಿತು. “ಆಕೆಯ ನೋವು ನೋಡಲಾಗುವುದಿಲ್ಲ ಮೇಡಂ. ಅದಕ್ಕೇ ಹೂಂ ಅನ್ನೋಣ ಅನ್ನಿಸಿತು” ಎಂದ.

ಗಂಗಾಂಬಿಕೆ ಅವನ ಮುಖವನ್ನೇ ನೋಡಿದರು. “ಗಡಿಗೆ ಒಡೆದವಳ ಕೈ ನೋಯುತ್ತಿದೆ ಅಂತ ಅದಕ್ಕೆ ಮದ್ದು ಹುಡುಕುವುದು ಬಿಟ್ಟು, ಅವಳ ಮನೆಗೆ ಇನ್ನೊಂದು ಗಡಿಗೆ ಹೊತ್ತುಕೊಂಡು ಹೊರಟಿದ್ದೆಯಲ್ಲೋ!”

“ಬೆರಳ ನೋವಿಗೆ ಯಾವ ಮದ್ದು ಕೊಡಲಿ, ಮೇಡಂ?” ಎಂದು ರೇವಣಸಿದ್ಧ ಕೇಳಿದ.