ಪೊಟರೆಯೊಳಗಿನ ತಲೆ

"ರೀ, ಮರಕುಟಿಗ ತಲೆ ಎಣಿಸೋಕೆ ಬಂದಾಗ ನಾನೂ ಇದ್ದೀನಿ ಅಂತ ಹೇಳಿದ್ರಾ?"

ನನ್ನವಳು ಕಡೆಗೆ ಕೇಳಿದ್ದು ಇಷ್ಟೇ.

ನಾವು ಮಂಗಟ್ಟೆ ಹಕ್ಕಿಗಳು. ಮೊಟ್ಟೆ ಇಡುವ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಗಂಡು ಹೊರಗಿನಿಂದ ಸಂದಿಯಲ್ಲಿ ಹಣ್ಣು ಕೊಡಬೇಕು. ಈ ವರ್ಷ ಅತ್ತಿಹಣ್ಣು ಕಡಿಮೆ. ತಲೆಗಿಷ್ಟು ಅಂತ ಹಂಚುವುದಕ್ಕೆ ಕಾಡಿನ ದರ್ಬಾರು ಮರಕುಟಿಗನನ್ನು ಎಣಿಕೆಗೆ ಕಳಿಸಿತ್ತು.

"ಗೂಡಲ್ಲಿ ಎಷ್ಟು ತಲೆ?" ಅಂದ.

"ಕಾಣೋದಿಲ್ವಾ? ಯಜಮಾನ ನಾನಿದ್ದೀನಿ, ನನ್ನದು ಬರಕೋ, ಸಾಕು" ಅಂದೆ.

ಅವನು ತೊಗಟೆಯ ಮೇಲೆ ಒಂದೇ ಗುರುತು ಕುಟ್ಟಿದ. ಒಂದೇ ಪಾಲು ಬಂತು. ಹಾರಾಡುವವನು ನಾನು ಅಂತ ಹೆಚ್ಚಿನದನ್ನು ನಾನೇ ತಿಂದೆ. ಅವಳು ಹೋದಳು.

"ಅವಳು ಹಸಿದು ಸತ್ತಳು, ಬರಕೋ" ಅಂತ ಮರಕುಟಿಗನಿಗೆ ಹೇಳಿದೆ.

"ಯಾರು ಮಾರಾಯಾ? ನಿನ್ನ ಗೂಡಲ್ಲಿ ಹೆಣ್ಣೇ ಇರಲಿಲ್ಲವಲ್ಲ. ಈ ವರ್ಷ ಒಂದು ಹೆಣ್ಣೂ ಹಸಿದು ಸತ್ತಿಲ್ಲ ಅಂತ ದರ್ಬಾರಿಗೆ ಆಗಲೇ ತಿಳಿಸಿದ್ದೀನಿ" ಅಂದ.

ಮಾರನೇ ಬೆಳಿಗ್ಗೆ ಮರಮರಕ್ಕೂ ಹೋದೆ. ಹೊರಗೆ ಕೂತ ಗಂಡುಗಳನ್ನು ಮಾತಾಡಿಸಲಿಲ್ಲ. ಸಂದಿಗೆ ಕೊಕ್ಕಿಟ್ಟು ಕೇಳಿದೆ, "ತಾಯೀ, ಒಳಗೆ ಎಷ್ಟು ಜನ ಇದ್ದೀರಿ?"